ಸಲ್ಲಿಸಿದ್ದು ಎಲ್ಲಿಗೆ ಸಲ್ಲುತ್ತದೆ?

ಬೆಳ್ತಂಗಡಿ ತಾಲ್ಲೂಕಿನ ನಡ ಗ್ರಾಮದಲ್ಲಿ, ಉಜಿರೆಯಿಂದ ನಾಲ್ಕೈದು ಕಿಲೋಮೀಟರ್ ಒಳಗೆ, ಸುರ್ಯ ಎಂಬ ಊರಿದೆ. ಅಲ್ಲಿಯ ಸದಾಶಿವರುದ್ರನಿಗೆ ಮಣ್ಣಿನ ಹರಕೆ ಎಂದರೆ ಪ್ರೀತಿ. ಮನೆ ಕಟ್ಟಿ ಮುಗಿಸಿದವರು ಮಣ್ಣಿನ ಮನೆ ಒಪ್ಪಿಸುತ್ತಾರೆ. ಬಹಳ ವರ್ಷ ಕಾದು ಮಗು ಕಂಡವರು ಮಣ್ಣಿನ ಮಗುವನ್ನೋ ತೊಟ್ಟಿಲನ್ನೋ ತರುತ್ತಾರೆ. ಕಾಲುನೋವು ವಾಸಿಯಾದವರದ್ದು ಕಾಲು, ಕಣ್ಣು ಉಳಿದವರದ್ದು ಕಣ್ಣು, ಹಟ್ಟಿಯಲ್ಲಿ ದನ ಬದುಕಿದವರದ್ದು ದನ. ಮದುವೆ ಕೂಡಿಬಂದರೆ ಮದುಮಗ-ಮದುಮಗಳ ಜೋಡಿಗೊಂಬೆ. ಇವೆಲ್ಲ ದೇವಸ್ಥಾನದ ಸಮೀಪದ ಹರಕೆ ಬನದಲ್ಲಿ, ಮರದ ಬುಡದಲ್ಲಿ, ಒಂದರ ಮೇಲೊಂದು ರಾಶಿ ಬಿದ್ದಿವೆ. ಹಳೆಯ ರಾಶಿಯಲ್ಲಿ ದನಕರು, ಕೋಳಿ, ಬಾವಿ ಕಂಡರೆ ಹೊಸದರಲ್ಲಿ ಕಾರು, ಕಂಪ್ಯೂಟರ್, ಮಹಡಿ ಕಟ್ಟಡ ಕಾಣುತ್ತವೆ. ಒಂದು ಸೀಮೆಯ ಜನ ಕಾಲಕಾಲಕ್ಕೆ ಏನನ್ನು ಆಸೆಪಟ್ಟರು ಎಂದು ತಿಳಿಯಲು ಜನಗಣತಿಗಿಂತ ಈ ಬನವೇ ಒಳ್ಳೆಯ ದಾಖಲೆ ಎಂದು ನನಗೆ ಅನಿಸುತ್ತದೆ.

ಹರಕೆಯ ಕ್ರಮ ಸರಳ. ಕಷ್ಟ ಬಂದಾಗ ಮನಸ್ಸಿನಲ್ಲೇ ಹೇಳಿಕೊಳ್ಳುವುದು, ಕಾರ್ಯ ಕೈಗೂಡಿದ ಮೇಲೆ ಬಂದು ಮಣ್ಣಿನ ಆಕೃತಿಯನ್ನು ದೇವರ ಮುಂದಿಟ್ಟು ಪ್ರಾರ್ಥಿಸಿ ಬನಕ್ಕೆ ಒಯ್ದು ಇಡುವುದು. ಸ್ಥಳಪುರಾಣವೂ ಅಷ್ಟೇ ಸರಳ: ಸೊಪ್ಪು ಕಡಿಯಲು ಕಾಡಿಗೆ ಬಂದ ಹೆಂಗಸೊಬ್ಬಳ ಕತ್ತಿ ಕಲ್ಲಿಗೆ ತಾಗಿತು, ಕಲ್ಲಿನಿಂದ ರಕ್ತ ಬಂತು, ಅವಳು ಹೆದರಿ ಮಗನ ಹೆಸರು ಹಿಡಿದು ಕೂಗಿದಳು, ಆ ಹೆಸರೇ ಊರಿಗೆ ಉಳಿಯಿತು. ಇಟ್ಟ ಹರಕೆಯನ್ನು ಯಾರೂ ಮನೆಗೆ ಒಯ್ಯುವುದಿಲ್ಲ, ಮಾರುವುದಿಲ್ಲ, ಒಪ್ಪವಾಗಿ ಜೋಡಿಸುವುದೂ ಇಲ್ಲ. ಮೇಲಿನಿಂದ ಮಳೆ, ಪಕ್ಕದಿಂದ ಬೇರು, ಅಡಿಯಿಂದ ಗೆದ್ದಲು. ಕೆಲವು ಮಳೆಗಾಲ ಕಳೆಯುವಾಗ ಮನೆಯ ಮಾಡು ಕುಸಿಯುತ್ತದೆ, ಕಾಲು ಎರಡು ತುಂಡಾಗುತ್ತದೆ, ಪಾಚಿ ಹಿಡಿದು ಯಾವುದು ಯಾರದ್ದೆಂಬ ಗುರುತು ಸಿಗದೆ ಹೋಗುತ್ತದೆ. ಗ್ರೀಸಿನ ಕೊರಿಂಥದಲ್ಲಿ ವೈದ್ಯದೇವತೆಗೆ ಒಪ್ಪಿಸಿದ ಮಣ್ಣಿನ ಕೈಕಾಲುಗಳು ಎರಡು ಸಾವಿರ ವರ್ಷದ ಬಳಿಕ ಅಗೆತದಲ್ಲಿ ಸಿಕ್ಕಿ ಮ್ಯೂಸಿಯಂ ಸೇರಿದವು. ವೇಳಾಂಗಣ್ಣಿಯ ಚರ್ಚಿನಲ್ಲಿ ಲೋಹದ ಅಂಗಾಂಗಗಳನ್ನು ಗಾಜಿನ ಕಪಾಟಿನಲ್ಲಿ ಇಟ್ಟಿದ್ದಾರೆ. ಸುರ್ಯದಲ್ಲಿ ಮಣ್ಣು ಮಣ್ಣಿಗೇ ಹೋಗುತ್ತದೆ, ಹೋಗಲೆಂದೇ ಇಡುವುದು.

ದೇವರಿಗೆ ಒಪ್ಪಿಸುವ ವಸ್ತುವಿನ ಅರ್ಥವೇನು ಎಂಬ ಪ್ರಶ್ನೆಗೆ ಇವತ್ತು ಎಲ್ಲರ ಮೊಬೈಲಿನಲ್ಲೂ ಒಂದು ಸಿದ್ಧ ಉತ್ತರ ಬಂದು ಬೀಳುತ್ತದೆ: ತೆಂಗಿನಕಾಯಿ ಎಂದರೆ ಅಹಂಕಾರ, ಒಡೆದರೆ ಅಹಂಕಾರ ಒಡೆದಂತೆ; ಬಾಳೆಹಣ್ಣು ಎಂದರೆ ಇದು, ಕರ್ಪೂರ ಎಂದರೆ ಅದು. ಸುಳ್ಳೆಂದು ಹೇಳಲಾರೆ. ಆದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಸೀಮೆಯಲ್ಲಿ ತಿರುಗಾಡಿದವರಿಗೆ ಈ ಪಟ್ಟಿ ಸಾಲುವುದಿಲ್ಲ. ಇಲ್ಲಿ ಬಾಳೆಲೆಯಲ್ಲಿ ಬಡಿಸುವುದು ಒಂದು ಕಡೆ ಪಂಚಕಜ್ಜಾಯ, ಇನ್ನೊಂದು ಕಡೆ ಕೋಳಿ ಪದಾರ್ಥ. ಒಂದು ಕಡೆ ಒಪ್ಪಿಸಿದ್ದನ್ನು ಕಣ್ಣಿಗೊತ್ತಿಕೊಂಡು ತಿನ್ನುತ್ತಾರೆ, ಇನ್ನೊಂದು ಕಡೆ ಒಪ್ಪಿಸಿದ್ದನ್ನು ಮುಟ್ಟುವುದಿಲ್ಲ. ಹಾಗಾಗಿ ವಸ್ತು ಯಾವುದರ ಸಂಕೇತ ಎಂದು ಕೇಳುವ ಬದಲು, ಇಟ್ಟ ಮೇಲೆ ಅದು ಎಲ್ಲಿಗೆ ಹೋಗುತ್ತದೆ, ಯಾರ ಹೊಟ್ಟೆ ಸೇರುತ್ತದೆ ಎಂದು ಬೆನ್ನುಹತ್ತಿ ನೋಡುವುದು ಮೇಲು. ಅರ್ಥದ ಬಹುಪಾಲು ಅಲ್ಲೇ ಸಿಗುತ್ತದೆ.

ಶಾಸ್ತ್ರದ ಲೆಕ್ಕ ಮೊದಲು ಮುಗಿಸೋಣ. ಪೂಜೆ ಎಂದರೆ ಮನೆಗೆ ಬಂದ ಅತಿಥಿಗೆ ಮಾಡುವ ಉಪಚಾರದ ಕ್ರಮ. ಕಾಲಿಗೆ ನೀರು, ಕೂರಲು ಆಸನ, ಸ್ನಾನ, ಬಟ್ಟೆ, ಗಂಧ, ಹೂ, ಊಟ, ವೀಳ್ಯ ಎಂದು ವಿಸ್ತರಿಸಿದರೆ 16 ಉಪಚಾರ. ಪುರುಸೊತ್ತಿಲ್ಲದಿದ್ದರೆ ಐದು: ಗಂಧ, ಪುಷ್ಪ, ಧೂಪ, ದೀಪ, ನೈವೇದ್ಯ. ತಂತ್ರದ ಕ್ರಮದಲ್ಲಿ ಈ ಐದಕ್ಕೂ ಪಂಚಭೂತಗಳ ಸಂಬಂಧ ಕಲ್ಪಿಸಿದ್ದಾರೆ. ಗಂಧ ಭೂಮಿಯದು, ಹೂ ಆಕಾಶದ್ದು, ಧೂಪ ಗಾಳಿಯದು, ದೀಪ ಬೆಂಕಿಯದು, ನೈವೇದ್ಯ ಅಮೃತದ್ದು, ಅಂದರೆ ನೀರಿನ ಪಾಲಿನದು. ವಸ್ತು ಕೈಯಲ್ಲಿ ಇಲ್ಲದಿದ್ದರೂ ಮನಸ್ಸಿನಲ್ಲೇ ಈ ಐದನ್ನು ಅರ್ಪಿಸಬಹುದು, ಅದಕ್ಕೆ ಮಾನಸಪೂಜೆ ಎಂದು ಹೆಸರು. ಆದರೆ ಮನಸ್ಸಿನಲ್ಲೇ ಪೂಜೆ ಮಾಡಿ ಮುಗಿಸುವ ಜಾಯಮಾನ ನಮ್ಮ ಕಡೆಯವರದ್ದಲ್ಲ. ಇಲ್ಲಿ ಏನಾದರೂ ಬೇಯಬೇಕು.

ಬೇಯಿಸಿದ ಅನ್ನ ಗರ್ಭಗುಡಿಯ ಒಳಗೆ ಹೋದ ಮೇಲೆ ಬಾಗಿಲು ಹಾಕುತ್ತಾರೆ. ಹೊರಗೆ ಚೆಂಡೆಯೋ ಗಂಟೆಯೋ ಬಾರಿಸುತ್ತಿರುತ್ತದೆ, ಒಳಗೆ ಅರ್ಚಕರು ಎಡೆಗೆ ತುಳಸಿಯೋ ಬಿಲ್ವವೋ ಇಟ್ಟು, ಸುತ್ತ ನೀರು ಕಟ್ಟಿ, ಐದು ಪ್ರಾಣಗಳಿಗೆ ಐದು ತುತ್ತಿನ ಮುದ್ರೆ ತೋರಿಸುತ್ತಾರೆ. ದೇವರು ಉಣ್ಣುವಾಗ ನಾವು ನೋಡಬಾರದು. ಇದು ಬ್ರಾಹ್ಮಣ ಅರ್ಚಕರ ದೇವಸ್ಥಾನದ ಕ್ರಮ ಎಂದುಕೊಂಡರೆ, ಆಟಿ ತಿಂಗಳಲ್ಲಿ ತುಳುನಾಡಿನ ಒಕ್ಕಲು ಮನೆಗೆ ಬಂದು ನೋಡಬೇಕು. ಸತ್ತ ಹಿರಿಯರಿಗೆ, ತುಳುವಿನಲ್ಲಿ 'ಕುಲೆ'ಗಳಿಗೆ, ಬಾಳೆಲೆಯಲ್ಲಿ ಬಡಿಸುವ ಸಂಜೆ. ಕುಚ್ಚಲಕ್ಕಿ ಅನ್ನ, ಕೋಳಿ, ಮೀನು, ಹೋದವರಿಗೆ ಏನು ಇಷ್ಟವಿತ್ತೋ ಅದು. ಶೇಂದಿ ಇಷ್ಟವಿದ್ದವರಿಗೆ ಶೇಂದಿಯೂ ಉಂಟು. ಬಡಿಸಿ ಆದ ಮೇಲೆ ಬಾಗಿಲು ಎಳೆದು ಎಲ್ಲರೂ ಹೊರಗೆ ಜಗಲಿಯಲ್ಲಿ ನಿಲ್ಲುತ್ತಾರೆ. ಮಕ್ಕಳು ಸಂದಿಯಲ್ಲಿ ಇಣುಕಿದರೆ ಅಜ್ಜಿಯಿಂದ ಗದರಿಕೆ. ಸ್ವಲ್ಪ ಹೊತ್ತಿನ ಮೇಲೆ ಬಾಗಿಲು ತಟ್ಟಿ, ಸದ್ದು ಮಾಡಿ, ಒಳಗೆ ಹೋಗುವುದು. ಗರ್ಭಗುಡಿಯ ಬಾಗಿಲಿಗೂ ಈ ಅಡುಗೆಕೋಣೆಯ ಬಾಗಿಲಿಗೂ ಇರುವ ನಂಟನ್ನು ಯಾವ ಆಗಮ ಗ್ರಂಥವೂ ವಿವರಿಸಬೇಕಾಗಿಲ್ಲ. ಉಣ್ಣುವವರ ಎಲೆಯನ್ನು ದಿಟ್ಟಿಸಬಾರದು ಎಂಬ ಮರ್ಯಾದೆ ಎರಡೂ ಕಡೆ ಒಂದೇ.

ಹಾಗೆ ಬಡಿಸುವುದಕ್ಕೆ ಅಗೆಲು ಎನ್ನುತ್ತಾರೆ. ಹಿರಿಯರಿಗೂ ಅಗೆಲು, ದೈವಗಳಿಗೂ ಅಗೆಲು. ಬಂಟ್ವಾಳ ತಾಲ್ಲೂಕಿನ ಸಜಿಪಮೂಡದ ಪಣೋಲಿಬೈಲಿನಲ್ಲಿ ಕಲ್ಲುರ್ಟಿ-ಪಂಜುರ್ಲಿಗೆ ನಡೆಯುವ ಅಗೆಲು ಸೇವೆಗೆ ಜಿಲ್ಲೆಯ ಮೂಲೆಮೂಲೆಯಿಂದ, ಮುಂಬಯಿಯಿಂದ, ಕೊಲ್ಲಿ ರಾಷ್ಟ್ರಗಳಿಂದಲೂ ಜನ ಬರುತ್ತಾರೆ. ಕೋಲ ಸೇವೆಗೆ ಹೆಸರು ಬರೆಸಿದರೆ ಸರದಿ ಬರಲು ವರ್ಷಗಟ್ಟಲೆ ಕಾಯಬೇಕು. ಅಗೆಲು ಅದಕ್ಕಿಂತ ಬೇಗ ಸಲ್ಲುವ ಸೇವೆ. "ಕಾರ್ಯ ಒಂದು ಆಗಲಿ, ಒಂದು ಅಗೆಲು ಹಾಕ್ತೇನೆ ಮಾರಾಯ್ರೆ" ಎಂಬ ಮಾತು ನಮ್ಮಲ್ಲಿ ಬಸ್‌ಸ್ಟ್ಯಾಂಡಿನಲ್ಲೂ ಕೇಳುತ್ತದೆ, ಕೋರ್ಟಿನ ವರಾಂಡದಲ್ಲೂ ಕೇಳುತ್ತದೆ. ಕಳುವಾದ ಚಿನ್ನ, ಗಡಿ ತಕರಾರು, ಕೊಟ್ಟ ಸಾಲ ವಾಪಸು ಬಾರದಿರುವುದು ಇವೆಲ್ಲ ಕಲ್ಲುರ್ಟಿಯ ಕಚೇರಿಗೆ ಹೋಗುವ ದೂರುಗಳು.

ಅದಕ್ಕೆ ಕಾರಣ ದೈವದ ಕತೆ ಹಾಡುವ ಪಾಡ್ದನದಲ್ಲಿದೆ. ಕಲ್ಲುರ್ಟಿ ಶಿಲ್ಪಿ ಕಲ್ಕುಡನ ತಂಗಿ. ಕಾರ್ಕಳದ ಗೊಮ್ಮಟನನ್ನು ಕೆತ್ತಿದ ಕೈಯಿಂದ ಅಂಥದ್ದೇ ಇನ್ನೊಂದು ಎದ್ದೀತು ಎಂದು ಅರಸು ಅವನ ಒಂದು ಕೈ, ಒಂದು ಕಾಲು ಕಡಿಸಿದ ಎಂದು ಕತೆ. ಉಳಿದ ಒಂದು ಕೈ, ಒಂದು ಕಾಲಿನಿಂದ ಅವನು ವೇಣೂರಿನ ಗೊಮ್ಮಟನನ್ನು ಮಾಡಿದ. ಇತಿಹಾಸದಲ್ಲಿ ಕಾರ್ಕಳದ್ದು 1432ರದ್ದು, ಬೆಳ್ತಂಗಡಿ ತಾಲ್ಲೂಕಿನ ವೇಣೂರಿನದ್ದು 1604ರದ್ದು. ನಡುವೆ ನೂರೆಪ್ಪತ್ತು ವರ್ಷಕ್ಕೂ ಮಿಕ್ಕಿದ ಅಂತರ. ಪಾಡ್ದನಕ್ಕೆ ಆ ಲೆಕ್ಕದ ಹಂಗಿಲ್ಲ. ಅಣ್ಣನಿಗಾದ ಅನ್ಯಾಯ ಕಂಡು ಕೆಂಡವಾದ ತಂಗಿ, ಮಾಯವಾಗಿ ಅಣ್ಣನೊಡನೆ ದೈವವಾದಳು ಎಂಬುದಷ್ಟೇ ಅದಕ್ಕೆ ಮುಖ್ಯ. ಅಂಥವಳ ಮುಂದೆ ಬಡಿಸುವ ಎಲೆಗೆ ಅಹಂಕಾರದ ಸಂಕೇತ, ಆತ್ಮದ ಸಂಕೇತ ಎಂದು ವ್ಯಾಖ್ಯಾನ ಹೇಳಲು ಹೊರಟರೆ ಬಡಿಸುವವರಿಗೇ ನಗು ಬಂದೀತು. ಅವಳಿಗೆ ಹಸಿವು, ಅವಳಿಗೆ ಸಿಟ್ಟು, ಅವಳಿಗೆ ನ್ಯಾಯ ಗೊತ್ತು. ಬಡಿಸಿದ್ದರಲ್ಲಿ ಅವಳ ಪಾಲು ಮುಗಿದ ಮೇಲೆ ಉಳಿದದ್ದನ್ನು ಕುಟುಂಬದವರೆಲ್ಲ ಕೂತು ಉಣ್ಣುತ್ತಾರೆ. ಆಸ್ತಿ ಪಾಲಾಗಿ ಮಾತು ಬಿಟ್ಟ ಅಣ್ಣತಮ್ಮಂದಿರೂ ಆ ದಿನ ಒಂದೇ ಸಾಲಿನಲ್ಲಿ ಕೂರಬೇಕಾಗುತ್ತದೆ. ಬರದಿದ್ದರೆ ಯಾಕೆ ಬರಲಿಲ್ಲ ಎಂಬ ಪ್ರಶ್ನೆಯನ್ನು ಮನುಷ್ಯರು ಕೇಳುವುದಕ್ಕಿಂತ ದೈವ ಕೇಳೀತು ಎಂಬ ಹೆದರಿಕೆ ದೊಡ್ಡದು.

ಯಾರಿಗೆ ಬೇಯಿಸಿದ್ದು, ಯಾರು ತಿಂದದ್ದು ಎಂಬ ವಿಷಯದಲ್ಲಿ ಕಾರಿಂಜದಷ್ಟು ನೇರ ಉತ್ತರ ಬೇರೆಲ್ಲೂ ಸಿಗಲಾರದು. ಬಂಟ್ವಾಳದ ಕಾವಳಮುಡೂರಿನ ಬಂಡೆಗುಡ್ಡದ ತುದಿಯಲ್ಲಿ ಈಶ್ವರ, ಅದಕ್ಕಿಂತ ಕೆಳಗೆ ಪಾರ್ವತಿ. ಮಧ್ಯಾಹ್ನದ ಪೂಜೆ ಮುಗಿದ ಮೇಲೆ ನೈವೇದ್ಯದ ಅನ್ನವನ್ನು ಅಲ್ಲಿಯ ಮಂಗಗಳಿಗೆ ಹಾಕುವುದು ಪದ್ಧತಿ. ಅದು ದಾರಿಹೋಕರು ಕಡಲೆ ಎಸೆದಂತೆ ಅಲ್ಲ, ದೇವಸ್ಥಾನದ ನಿತ್ಯಕಟ್ಟಳೆ. ಆಟಿ ಅಮಾವಾಸ್ಯೆಗೆ ತೀರ್ಥಸ್ನಾನಕ್ಕೆ ಹೋದವರ ಕೈಯಿಂದ ಹಣ್ಣುಕಾಯಿ ಕಸಿಯುವ ಮಂಗಗಳೂ ಇವೇ. ಅವುಗಳ ದೃಷ್ಟಿಯಲ್ಲಿ ನಿತ್ಯಕಟ್ಟಳೆಗೂ ಕಸಿದದ್ದಕ್ಕೂ ಭೇದವಿರಲಿಕ್ಕಿಲ್ಲ. ಕರಾವಳಿಯ ಯಾವ ದೊಡ್ಡ ದೇವಸ್ಥಾನದಲ್ಲಾದರೂ ಗರ್ಭಗುಡಿಯ ಸುತ್ತ ಸಣ್ಣ ಸಣ್ಣ ಬಲಿಕಲ್ಲುಗಳಿರುವುದನ್ನು ನೋಡಿರಬಹುದು. ಒಳಗೆ ದೇವರ ಊಟವಾದ ಮೇಲೆ ಅರ್ಚಕರು ಹೊರಬಂದು ದಿಕ್ಪಾಲಕರಿಗೆ, ಪರಿವಾರಕ್ಕೆ, ಹೆಸರಿಲ್ಲದ ಭೂತಗಣಗಳಿಗೆ ಒಂದೊಂದು ಕಲ್ಲಿನ ಮೇಲೆ ಅನ್ನ ಹಾಕುತ್ತಾರೆ. ಆ ಅನ್ನ ಕಾಗೆಗೆ, ಇರುವೆಗೆ. ಯಜಮಾನ ಉಂಡ ಮೇಲೆ ಆಳುಕಾಳಿಗೂ ಬಡಿಸಬೇಕು ಎಂಬ ಗುತ್ತಿನ ಮನೆಯ ಶಿಸ್ತು ಅದು.

ಈ ಎಲ್ಲಕ್ಕೂ ಬೆನ್ನು ತಿರುಗಿಸಿ ನಿಂತ ಜೈನರ ಕ್ರಮ ಇದೇ ಸೀಮೆಯಲ್ಲಿ ಇರುವುದರಿಂದ ನಮ್ಮ ಕ್ರಮ ನಮಗೆ ಸ್ಪಷ್ಟವಾಗುತ್ತದೆ. ಮೂಡುಬಿದಿರೆಯ ಸಾವಿರ ಕಂಬದ ಬಸದಿ 1430ರಲ್ಲಿ ಕಟ್ಟಿದ್ದು, ತ್ರಿಭುವನ ತಿಲಕ ಚೂಡಾಮಣಿ ಎಂದು ಅದರ ಪೂರ್ಣ ಹೆಸರು. ಊರಿನಲ್ಲಿ ಒಟ್ಟು 18 ಬಸದಿಗಳು. ಅಲ್ಲಿಯೂ ಜಲ, ಗಂಧ, ಅಕ್ಷತೆ, ಪುಷ್ಪ, ಚರು, ದೀಪ, ಧೂಪ, ಫಲ ಎಂದು ಎಂಟು ದ್ರವ್ಯಗಳ ಅರ್ಚನೆ ಇದೆ. ಮೇಲುನೋಟಕ್ಕೆ ಪಕ್ಕದ ದೇವಸ್ಥಾನದ ಪೂಜೆಯಂತೆಯೇ. ಆದರೆ ತೀರ್ಥಂಕರರು ಹಸಿವು ನೀರಡಿಕೆಗಳನ್ನು ಗೆದ್ದವರು. ಅವರಿಗೆ ಊಟ ಬಡಿಸುವ ಪ್ರಶ್ನೆಯೇ ಇಲ್ಲ. ನೀರು ಅರ್ಪಿಸುವಾಗ ಶ್ರಾವಕನ ಪ್ರಾರ್ಥನೆ ಹುಟ್ಟು, ಮುಪ್ಪು, ಸಾವು ತೊಳೆದುಹೋಗಲಿ ಎಂದು. ಗಂಧ ಸಂಸಾರದ ತಾಪ ಆರಲೆಂದು, ಧೂಪ ಎಂಟು ಕರ್ಮಗಳು ಸುಟ್ಟುಹೋಗಲೆಂದು. ನೈವೇದ್ಯ ಇಡುವಾಗ ಹಸಿವೆಂಬ ರೋಗವೇ ನನಗೆ ಇಲ್ಲದಾಗಲಿ ಎಂದು. ಅನ್ನವನ್ನು ಮುಂದಿಟ್ಟುಕೊಂಡು ಅನ್ನದ ಅಗತ್ಯವೇ ಬೇಡ ಎಂದು ಕೇಳಿಕೊಳ್ಳುವ ಈ ಧೈರ್ಯಕ್ಕೆ ನಾನು ತಲೆಬಾಗುತ್ತೇನೆ, ನನ್ನಿಂದ ಸಾಧ್ಯವಿಲ್ಲದಿದ್ದರೂ. ಹಾಗೆ ಜಿನರ ಮುಂದೆ ಇಟ್ಟದ್ದು ನಿರ್ಮಾಲ್ಯ. ಇಟ್ಟವರು ಅದನ್ನು ಪ್ರಸಾದವೆಂದು ಹಿಂದಕ್ಕೆ ಪಡೆದು ತಿನ್ನುವುದಿಲ್ಲ. ಬಿಟ್ಟದ್ದು ಬಿಟ್ಟದ್ದೇ. ಸಂಕೇತಗಳ ಪಟ್ಟಿ ನಿಜಕ್ಕೂ ಹೊಂದುವುದು ಈ ಬಸದಿಯ ಪೂಜೆಗೆ.

ಒಪ್ಪಿಸಿದ್ದು ಹಿಂದೆ ಬರುವ ಮತ್ತು ಬಾರದ ಈ ಎರಡು ಲೋಕಗಳು ಒಂದೇ ಅಂಗಳದಲ್ಲಿ ಕೂಡಿರುವುದು ಧರ್ಮಸ್ಥಳದಲ್ಲಿ. ದೇವರು ಮಂಜುನಾಥ, ಶಿವಲಿಂಗ. ಪೂಜೆ ಮಾಡುವವರು ಮಾಧ್ವ ವೈಷ್ಣವರು. ಆಡಳಿತ ಜೈನ ಹೆಗ್ಗಡೆ ಮನೆತನದ್ದು. ಮಂಜುನಾಥನಿಗೂ ಮೊದಲು ಅಲ್ಲಿ ನೆಲೆಯಾದವರು ಧರ್ಮದೈವಗಳು. 16ನೆಯ ಶತಮಾನದಲ್ಲಿ ಮಾಧ್ವ ಯತಿ ವಾದಿರಾಜರು ಬಂದಾಗ ನಡೆದದ್ದೆಂದು ಹೇಳುವ ಕತೆಯೂ ಊಟದ್ದೇ. ಲಿಂಗಕ್ಕೆ ಶಾಸ್ತ್ರೋಕ್ತ ಪ್ರತಿಷ್ಠೆ ಆಗಿಲ್ಲ ಎಂದು ಅವರು ಭಿಕ್ಷೆ ಸ್ವೀಕರಿಸಲು ಒಪ್ಪಲಿಲ್ಲವಂತೆ. ಹೆಗ್ಗಡೆಯವರ ವಿನಂತಿಯ ಮೇಲೆ ಅವರೇ ಪ್ರತಿಷ್ಠೆ ಮಾಡಿ, ಆಮೇಲೆ ಉಂಡರಂತೆ. ಮನೆಗೆ ಬಂದ ಅತಿಥಿ ಉಣ್ಣದೆ ಎದ್ದುಹೋಗುವುದು ತಡೆಯಲಾಗದ ಅವಮಾನ ಎಂಬ ಭಾವನೆ ಇಲ್ಲದ ಊರಿನಲ್ಲಿ ಇಂಥ ಕತೆ ಹುಟ್ಟುವುದಿಲ್ಲ. ಇವತ್ತು ಅಲ್ಲಿಯ ಅನ್ನಪೂರ್ಣ ಛತ್ರದಲ್ಲಿ ದಿನವೂ ಸಾವಿರಾರು ಜನ ಉಣ್ಣುತ್ತಾರೆ. ತುಲಾಭಾರದ ತಕ್ಕಡಿಯಲ್ಲಿ ಮಗುವಿನ ಎದುರು ಅಕ್ಕಿಯೋ ಬೆಲ್ಲವೋ ತೆಂಗಿನಕಾಯಿಯೋ ತೂಗಿಸುತ್ತಾರೆ. ಮಗುವಿನ ತೂಕದ ಅಕ್ಕಿ, ಗುರುತು ಪರಿಚಯ ಇಲ್ಲದ ಯಾರದೋ ಎಲೆಗೆ ಅನ್ನವಾಗಿ ಬೀಳುವ ಈ ದಾರಿ ಬಹಳ ಗಿಡ್ಡದು. ನನ್ನ ಮಟ್ಟಿಗೆ ಇಡೀ ಪೂಜಾಪದ್ಧತಿಯ ಅತ್ಯಂತ ಅರ್ಥವತ್ತಾದ ದಾರಿಯೂ ಅದೇ.

ಬಾಯಿಗೆ ಹೋಗದ ಅರ್ಪಣೆಗಳೂ ಉಂಟು. ನಾಗನಿಗೆ ತನು ಹಾಕುವುದೆಂದರೆ ಹಾಲು, ಬೊಂಡದ ನೀರು ಎರೆಯುವುದು. ಜೊತೆಗೆ ಅರಸಿನ, ಹಿಂಗಾರ, ಕೇದಗೆ, ಸಂಪಿಗೆ. ನಾಗರಪಂಚಮಿಯಂದು ಕಲ್ಲಿನ ಮೇಲೆ ಎರೆದದ್ದು ಬನದ ನೆಲ ಸೇರುತ್ತದೆ. ಕೆಡ್ಡಸ ಹಬ್ಬದಲ್ಲಿ ಭೂಮಿಗೇ ಎಣ್ಣೆ, ಅರಸಿನ, ಕುಂಕುಮ. ಅವಳು ಮೈಲಿಗೆಯಾಗಿ ಮಿಂದೆದ್ದವಳು ಎಂಬ ನಂಬಿಕೆಯಿಂದ ಹೆಂಗಸರು ತುಳಸಿಕಟ್ಟೆಯ ಹತ್ತಿರ ಇಡುವ ಉಪಚಾರ ಅದು. ಕೊಕ್ಕಡದ ಸೌತಡ್ಕದಲ್ಲಿ ಗಣಪತಿಗೆ ಗುಡಿಯೂ ಇಲ್ಲ, ಮಾಡೂ ಇಲ್ಲ. ಬಯಲಿನಲ್ಲಿ ಕೂತ ಅವನಿಗೆ ದನ ಮೇಯಿಸುವ ಹುಡುಗರು ಸೌತೆಕಾಯಿ ಇಟ್ಟು ಪೂಜಿಸುತ್ತಿದ್ದರೆಂಬುದು ಐತಿಹ್ಯ. ಈಗಿನವರು ಅವಲಕ್ಕಿ ಪಂಚಕಜ್ಜಾಯ ಮಾಡಿಸುತ್ತಾರೆ, ಕಾರ್ಯ ಕೈಗೂಡಿದರೆ ಗಂಟೆ ಕಟ್ಟುತ್ತಾರೆ. ಗಾಳಿ ಬಂದಾಗ ಯಾರ ಹರಕೆ ಸದ್ದು ಮಾಡಿತೆಂದು ಹೇಳುವುದು ಕಷ್ಟ. ಪೊಳಲಿಯ ರಾಜರಾಜೇಶ್ವರಿಯದ್ದು ಇನ್ನೊಂದು ಬಗೆ. ಅವಳ ಮೂರ್ತಿಯೇ ಮಣ್ಣಿನದ್ದಾದ್ದರಿಂದ ಅದಕ್ಕೆ ನೀರಿನ ಅಭಿಷೇಕವಿಲ್ಲ. ಸುರ್ಯದಲ್ಲಿ ಕಲ್ಲಿಗೆ ಮಣ್ಣು ಕೊಡುವ ಜನ ಇಲ್ಲಿ ಮಣ್ಣಿಗೆ ಹೂ ಕೊಡುತ್ತಾರೆ. ಜಾತ್ರೆಯಿಂದ ಮನೆಗೆ ಮರಳುವಾಗ ಕೈಯಲ್ಲಿ ಬಚ್ಚಂಗಾಯಿ ಇರಲೇಬೇಕು. ಅದು ಪ್ರಸಾದವಲ್ಲ, ಗದ್ದೆಯ ಬೆಳೆ. ಆದರೆ ಪೊಳಲಿಗೆ ಹೋಗಿ ಬಂದದ್ದಕ್ಕೆ ಮನೆಯವರು ಕೇಳುವ ಸಾಕ್ಷಿ ಅದೇ.

ಯಕ್ಷಗಾನದ ಆಟವೂ ಒಂದು ಅರ್ಪಣೆ ಎಂದು ಘಟ್ಟದ ಮೇಲಿನವರಿಗೆ ಹೇಳಿದರೆ ಆಶ್ಚರ್ಯಪಡುತ್ತಾರೆ. ಧರ್ಮಸ್ಥಳ ಮೇಳದ, ಕಟೀಲು ಮೇಳಗಳ ಹರಕೆ ಬಯಲಾಟ ಎಂದರೆ ವೇಷ, ಬಣ್ಣ, ಭಾಗವತಿಕೆ ಎಲ್ಲವೂ ದೇವರಿಗೆ ಒಪ್ಪಿಸಿದ ಸೇವೆ. ವೇಷ ಕಟ್ಟುವ ಚೌಕಿಯಲ್ಲಿ ಗಣಪತಿಗೆ ಪೂಜೆಯಾಗಿಯೇ ಆಟ ಶುರು. ನೋಡುವವರು ಬಂದರೂ ಬಾರದಿದ್ದರೂ ಸೇವೆ ಸಂದಿತು. ಬಂದವರಿಗೆ ಊಟ ಮಾತ್ರ ಕಡ್ಡಾಯ. ಆಟದ ಖರ್ಚಿಗಿಂತ ಊಟದ ಖರ್ಚು ಹೆಚ್ಚಾದ ಮನೆಗಳನ್ನು ನಾನು ಬಲ್ಲೆ.

ದೇವಸ್ಥಾನದ ಬ್ರಹ್ಮಕಲಶದ ಹಿಂದಿನ ದಿನಗಳಲ್ಲಿ ಊರಿಂದೂರಿಗೆ ಹೊರಡುವ ಹಸಿರು ಹೊರೆಕಾಣಿಕೆಯ ಮೆರವಣಿಗೆಯನ್ನು ಒಮ್ಮೆ ನೋಡಬೇಕು. ಪಿಕಪ್‌ಗಳ ಸಾಲು. ಬಾಳೆಗೊನೆ, ಕುಂಬಳ, ಸುವರ್ಣಗೆಡ್ಡೆ, ಅಕ್ಕಿ, ತೆಂಗು, ಸೀಯಾಳ, ಬಾಳೆಲೆಯ ಕಟ್ಟು. ಎಷ್ಟೋ ಊರುಗಳಲ್ಲಿ ಮಸೀದಿ, ಚರ್ಚುಗಳ ಕಡೆಯಿಂದಲೂ ಗಾಡಿ ಸೇರುವುದುಂಟು. ಇದು ದೇವರ ಎದುರು ಹೋಗುವುದೇ ಇಲ್ಲ, ನೇರ ಉಗ್ರಾಣಕ್ಕೆ ಹೋಗುತ್ತದೆ. ಕೊಡುವವರಿಗೂ ಗೊತ್ತು, ಇದು ನಾಳೆಯ ಸಾಂಬಾರು, ನಾಡಿದ್ದಿನ ಪಾಯಸ. ಕಾಣಿಕೆ ಎಂಬ ಹೆಸರಿಗೆ ಇದು ಅರ್ಹವೇ ಎಂದು ಶಾಸ್ತ್ರಿಗಳು ವಾದಿಸಬಹುದು. ತನ್ನ ಹಿತ್ತಲಿನ ಗೊನೆ ಊರ ಊಟದಲ್ಲಿ ಸೇರಿತೆಂದು ಹೇಳಿಕೊಳ್ಳುವ ಒಕ್ಕಲಿಗೆ ಆ ವಾದ ಬೇಕಾಗಿಲ್ಲ.

ಕೊಟ್ಟದ್ದರ ಕತೆ ಇಷ್ಟಾಯಿತು. ಕೊಡುತ್ತೇನೆಂದು ಹೇಳಿ ಕೊಡದೆ ಹೋದದ್ದರ ಕತೆ ಬೇರೆಯೇ. ಮನೆಯಲ್ಲಿ ಒಂದಾದ ಮೇಲೊಂದು ತೊಂದರೆ ಬಂದು ಅಷ್ಟಮಂಗಲ ಪ್ರಶ್ನೆ ಇಡಿಸಿದರೆ ಕವಡೆ ಸರಿಸುತ್ತಾ ಜೋಯಿಸರು ಹೇಳುವ ಮಾತುಗಳಲ್ಲಿ ಒಂದು: "ಹರಕೆ ಬಾಕಿ ಉಂಟು." ಯಾರದ್ದು? ಅಜ್ಜನದ್ದು, ಕೆಲವೊಮ್ಮೆ ಅಜ್ಜನ ಅಜ್ಜನದ್ದು. ಬೆಂಗಳೂರಿನಿಂದ, ದುಬೈಯಿಂದ ರಜೆ ಹಾಕಿ ಬಂದ ಮೊಮ್ಮಕ್ಕಳು ಮುಖ ಮುಖ ನೋಡಿಕೊಳ್ಳುತ್ತಾರೆ. ಅಜ್ಜ ಏನು ಹೇಳಿಕೊಂಡಿದ್ದರು, ಯಾವ ದೇವರಿಗೆ, ಯಾವ ಕಷ್ಟದಲ್ಲಿ ಎಂಬುದು ಯಾರಿಗೂ ಗೊತ್ತಿಲ್ಲ. ತೀರಿಸುವ ಸಾಲದ ಮೊತ್ತವೇ ಗೊತ್ತಿಲ್ಲದ ಈ ಪರಿಸ್ಥಿತಿಗೂ ಪದ್ಧತಿಯಲ್ಲಿ ಪರಿಹಾರ ಇದೆ. ತಪ್ಪುಕಾಣಿಕೆ ಹಾಕುವುದು. ತಿಳಿದೋ ತಿಳಿಯದೆಯೋ ಆದ ಲೋಪವನ್ನು ಮನ್ನಿಸಬೇಕೆಂದು ಕುಟುಂಬದವರೆಲ್ಲ ಸೇರಿ ಪ್ರಾರ್ಥಿಸಿ ನಾಣ್ಯ ಒಪ್ಪಿಸುವುದು. ಆಮೇಲೆ ಗುರುತಿಲ್ಲದ ಹರಕೆಯ ಬಾಬ್ತು ಒಂದು ಹೂವಿನಪೂಜೆಯನ್ನೋ ರಂಗಪೂಜೆಯನ್ನೋ ಮಾಡಿಸುವುದು. ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವವರ ಮೇಲೆ ನನಗೆ ತಕರಾರಿಲ್ಲ. ಕವಡೆಯ ಮಾತನ್ನು ನಂಬಿಸಿ ಸಾಲದ ಮೇಲೆ ಸಾಲ ಮಾಡಿಸಿದ ಪ್ರಶ್ನೆಗಳೂ ಇವೆ. ಆದರೆ ಬ್ಯಾಂಕಿನ ಸಾಲವನ್ನು ಮನ್ನಾ ಮಾಡಿಸಿಕೊಳ್ಳಲು ದಾರಿ ಹುಡುಕುವ ಅದೇ ಕುಟುಂಬ, ಸತ್ತ ಅಜ್ಜ ಕಷ್ಟಕಾಲದಲ್ಲಿ ಆಡಿರಬಹುದಾದ ಒಂದು ಮಾತನ್ನು ಸಾಕ್ಷಿಪುರಾವೆಯಿಲ್ಲದೆ ಒಪ್ಪಿಕೊಂಡು ತೀರಿಸಲು ಹೊರಡುವುದು ನನಗೆ ಕುತೂಹಲದ ವಿಷಯ. ದೇವಸ್ಥಾನದ ಸೇವಾ ಕೌಂಟರಿನ ಮುಂದೆ ನಿಂತಾಗ ಅವರ ನಡುವೆ ಏಳುವ ಚರ್ಚೆ ಒಂದೇ: ರಶೀದಿಯನ್ನು ಅಜ್ಜನ ಹೆಸರಿನಲ್ಲಿ ಬರೆಸುವುದೋ, ದುಡ್ಡು ಕೊಡುವ ಮೊಮ್ಮಗನ ಹೆಸರಿನಲ್ಲೋ. ಅಜ್ಜನ ಹೆಸರು ಬರೆಸುವುದೆಂದಾದರೆ ಅವರ ನಕ್ಷತ್ರ ಯಾವುದೆಂದು ಊರಲ್ಲಿ ಉಳಿದಿರುವ ಅತ್ತೆಗೆ ಫೋನ್ ಮಾಡಬೇಕು.